ಹಸಿವಿನ ಮನೆಯವಳು

ನಮ್ಮೂರಲ್ಲಿ ಕಾಯಿದೆ ಪುಸ್ತಕ ಒಂದೇ ಒಂದು. ಅದೂ ದಪ್ಪದ್ದಲ್ಲ, ಸಂತೆಗೆ ಒಯ್ಯುವ ಕೈಚೀಲದಲ್ಲಿ ಹಿಡಿಸುವಂಥದ್ದು. ಆದರೆ ಅದರೊಳಗಿನ ಒಂದೊಂದು ದೊಡ್ಡ ಮಾತಿಗೂ ಊರಲ್ಲಿ ಒಂದೊಂದು ಮನೆಯಿದೆ. ‘ಗೋಡೆ’ ಎಂಬ ಮಾತು ಕಲ್ಲು ಕಟ್ಟುವ ಗವಂಡಿಗಳ ಓಣಿಯವರದು. ‘ಸಂಜೆ’ ಎಂಬುದು ಕೆರೆ ದಂಡೆಯ ನಿಂಗಯ್ಯಜ್ಜನದು. ಆತ ಮಳೆ ಇರಲಿ ಚಳಿ ಇರಲಿ, ಹೊತ್ತು ಇಳಿಯುವ ಹೊತ್ತಿಗೆ ಮಾಳಿಗೆ ಹತ್ತಿ ಪಡುವಣ ದಿಕ್ಕಿಗೆ ಮುಖ ಮಾಡಿ ಕೂರುತ್ತಾನೆ. ‘ಸುಳ್ಳು’ ಎಂಬ ಮಾತಿನ ಮನೆಯವರು ಅಪ್ಪಟ ಬಂಗಾರದಂಥ ಜನ, ಆದರೂ ಅವರ ಜೊತೆ ಬೀಗತನ ಬೆಳೆಸಲು ನಮ್ಮವರು ಸ್ವಲ್ಪ ಹಿಂದೆ ಮುಂದೆ ನೋಡುತ್ತಾರೆ. ನಮ್ಮದು ಹಸಿವಿನ ಮನೆ. ನನ್ನ ಹೆಸರು ಬಸಲಿಂಗವ್ವ.

ಪುಸ್ತಕದ ಒಂದು ಸಾಲಿನ ಬಗ್ಗೆ ತಕರಾರು ಬಂದರೆ, ಆ ಮಾತಿನ ಮನೆಯವರು ನ್ಯಾಯದ ಕಟ್ಟೆ ಹತ್ತಿ, ನಡುವಿನ ಬಿಳಿ ಕಲ್ಲಿನ ಮೇಲೆ ನಿಂತು ತಮ್ಮ ಮಾತು ಏನೆಂದು ಹೇಳಬೇಕು. ತಿಳಿದು ನಿಜ ಆಡಿದರೆ ಮಾತು ಬರುತ್ತದೆ. ತಿಳಿಯದೆ ಆಡಿದರೂ, ಬೇಕೆಂದು ತಿರುಚಿ ಆಡಿದರೂ ಬಾಯಿ ತೆರೆದೇ ಇರುತ್ತದೆ, ಉಸಿರು ಹೋಗುತ್ತದೆ, ಮಾತು ಮಾತ್ರ ಬರುವುದಿಲ್ಲ. ಬೇರೆಲ್ಲ ಮಾತು ಸಲೀಸು, ಆ ಒಂದು ಮಾತು ಇಲ್ಲ. ಮೂರು ಸಲ ಅವಕಾಶ. ಮೂರನೆಯ ಸಲವೂ ಬಾರದಿದ್ದರೆ ಆ ಸಾಲನ್ನೇ ಪುಸ್ತಕದಿಂದ ಹೊಡೆದು ಹಾಕುತ್ತಾರೆ. ‘ನೆರಳು’ ಎಂಬ ಮಾತಿನ ಮನೆಯವರು ಅಂಗಳದ ಬೇವಿನ ಮರ ಕಡಿದು ತಗಡಿನ ಶೆಡ್ಡು ಹಾಕಿಕೊಂಡರು; ಆಮೇಲೆ ಕಟ್ಟೆ ಹತ್ತಿದಾಗ ಮೂರು ಸಲವೂ ಬರಿ ಗಾಳಿ. ದಾರಿಬದಿಯ ನೆರಳನ್ನು ಯಾರೂ ಕೆಡಿಸಬಾರದೆಂಬ ಸಾಲು ಅವತ್ತೇ ಹೋಯಿತು. ಈಗ ನಮ್ಮ ಪೇಟೆಯಲ್ಲಿ ಮಧ್ಯಾಹ್ನ ನಡೆಯುವವರು ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಆ ಮನೆಯವರನ್ನು ಬೈಯುತ್ತ ನಡೆಯುತ್ತಾರೆ.

ನಮ್ಮ ಮನೆಯಲ್ಲಿ ಮಾತು ತಾಯಿಯಿಂದ ಮಗಳಿಗೆ ಬರುತ್ತದೆ. ಹಾಗಾಗಿ ನಮ್ಮ ಮನೆಯವರು, ಅಂದರೆ ನನ್ನ ಗಂಡ (ಹೆಸರು ಹೇಳುವ ರೂಢಿ ನನಗಿಲ್ಲ), ಮನೆ ಅಳಿಯನಾಗಿ ಬಂದವರು. ಬಂದವರೇ ಮುಂದಿನ ಪಡಸಾಲೆಯಲ್ಲಿ ಖಾನಾವಳಿ ತೆರೆದರು. ಹಸಿವಿನ ಮನೆಯ ಖಾನಾವಳಿ ಎಂದರೆ ಕೇಳಬೇಕೆ, ಮೊದಲ ದಿನದಿಂದಲೇ ಜನ ಮುಗಿಬಿದ್ದರು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವ್ವನಿಗೆ ಇದು ಅಷ್ಟು ಸರಿ ಬಂದಿರಲಿಲ್ಲ. ಆಕೆ ಪ್ರತಿ ಅಮಾವಾಸ್ಯೆ ಬೆಳಗಿನಿಂದ ಮರುದಿನ ಬೆಳಗಿನವರೆಗೆ ಬರಿ ನೀರಿನ ಮೇಲೆ ಇರುತ್ತಿದ್ದಳು. ಅದು ದೇವರ ಉಪವಾಸವಲ್ಲ, ಮಾತಿನ ಉಪವಾಸ. ಇಡೀ ದಿನ ಉಣ್ಣದೆ ಇರುವುದಲ್ಲದೆ ಅವತ್ತು ಖಾನಾವಳಿಯ ಪಂಕ್ತಿಗೆ ತಾನೇ ಬಡಿಸುತ್ತಿದ್ದಳು. ನನಗದು ತನ್ನನ್ನು ತಾನೇ ಕಾಡಿಸಿಕೊಳ್ಳುವ ಹಟ ಅನಿಸುತ್ತಿತ್ತು.

ಅವ್ವ ತೀರಿಕೊಂಡು ಮೂರು ವರ್ಷ. ಮೊದಲ ಅಮಾವಾಸ್ಯೆ ನಾನೂ ಗಟ್ಟಿ ಮನಸ್ಸು ಮಾಡಿದೆ. ಮಧ್ಯಾಹ್ನದವರೆಗೆ ನಡೆಯಿತು, ಆಮೇಲೆ ಒಂದು ಕಪ್ಪು ಚಹಾ. ಚಹಾ ಊಟವಲ್ಲವಲ್ಲ. ಮುಂದಿನ ತಿಂಗಳು ಚಹಾದ ಜೊತೆ ಒಂದು ಹಿಡಿ ಚುರುಮುರಿ. ಅದರ ಮುಂದಿನ ತಿಂಗಳು ಮಿರ್ಚಿ ಭಜಿಯ ವಾಸನೆ ನನ್ನನ್ನು ಕೇಳದೆ ಅಡುಗೆಮನೆಯ ಹಿಂಬಾಗಿಲಿಗೆ ಎಳೆದುಕೊಂಡು ಹೋಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಮೂರು ವರ್ಷ ನಡೆಸಿದೆ. ಊರಿನವರು ದಾರಿಯಲ್ಲಿ ಸಿಕ್ಕಾಗ ಇವತ್ತು ಬಸಲಿಂಗವ್ವನ ಉಪವಾಸ ಎಂದು ದನಿ ತಗ್ಗಿಸಿ ಮಾತಾಡುವಾಗ ನಾನೂ ಸುಸ್ತಾದವಳ ಹಾಗೆ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಮೈ ಮಾತ್ರ ವರ್ಷಕ್ಕೊಂದು ಕುಪ್ಪಸ ಬದಲಿಸುವಷ್ಟು ಬೆಳೆಯುತ್ತಿತ್ತು. ಈಗ ಹೇಳಲು ನಾಚಿಕೆಯಿಲ್ಲ, ಯಾಕೆಂದರೆ ಊರಿಗೆಲ್ಲ ಗೊತ್ತಾಗಿ ಹೋಗಿದೆ. ಆಗ ಕಟ್ಟೆಯಿಂದ ಕರೆ ಬರಬಹುದೆಂಬ ಯೋಚನೆಯೇ ಇರಲಿಲ್ಲ. ಹಸಿವಿನ ಸಾಲಿಗೆ ತಕರಾರು ಬಂದು ಹದಿನೆಂಟು ವರ್ಷಗಳಾಗಿದ್ದವು.

ಆ ಸಾಲು ಹೀಗಿದೆ: ‘ಹಸಿವಿಗೆ ತೆಗೆದದ್ದು ಕಳವಲ್ಲ.’ ಅಷ್ಟೇ.

ಈ ವರ್ಷ ಹೊಳೆ ತುಂಬಿ ಸೇತುವೆಯ ಮೇಲೆ ನೀರು ಬಂತು. ಎಂಟು ದಿನ ಆಚೆ ದಂಡೆಯಿಂದ ಒಂದು ಗಾಡಿಯೂ ಬರಲಿಲ್ಲ. ಮನುಷ್ಯರಿಗೆ ಕಣಜದಲ್ಲಿ ಜೋಳ ಇತ್ತು, ದನಗಳ ಮೇವು ಮಾತ್ರ ಮೂರನೆಯ ದಿನಕ್ಕೇ ಮುಗಿಯುತ್ತ ಬಂತು. ಟಾಂಗಾ ಹೊಡೆಯುವ ಯಮನೂರಪ್ಪನ ಹತ್ತಿರ ಬಿಜಲಿ ಎಂಬ ಕುದುರೆ ಇದೆ, ಹಣೆಯ ಮೇಲೆ ಬಿಳಿ ಚುಕ್ಕೆಯ ಹೆಣ್ಣು ಕುದುರೆ. ಆತ ಊರೆಲ್ಲ ಸುತ್ತಿ ಕೇಳಿದ. ಇದ್ದವರು ತಮ್ಮ ದನಕ್ಕೇ ಸಾಲದು ಎಂದರು, ಅದೂ ಸುಳ್ಳಲ್ಲ. ಮೇವು ಇದ್ದದ್ದು ಶಿವಯೋಗಪ್ಪ ಸಾಹುಕಾರರ ತೋಟದಲ್ಲಿ. ಬೇಲಿಯ ಒಳಗೆ ಒಂದು ಮಡಿ ತುಂಬ ಕುದುರೆ ಮಸಾಲೆ ಎಂಬ ಮೇವಿನ ಸೊಪ್ಪು ಹಸಿರಾಗಿ ನಿಂತಿತ್ತು. ಹೆಸರಿನಲ್ಲಿ ಕುದುರೆ ಇದ್ದರೂ ಅದನ್ನು ತಿನ್ನುತ್ತಿದ್ದದ್ದು ಸಾಹುಕಾರರ ಎರಡು ಎಮ್ಮೆ. ಯಮನೂರಪ್ಪ ಅವರ ಮನೆಗೆ ಎರಡು ಸಲ ಹೋಗಿದ್ದ. ಸಾಹುಕಾರರು ಒಮ್ಮೆ ಮಲಗಿದ್ದರು, ಇನ್ನೊಮ್ಮೆ ಪೂಜೆಯಲ್ಲಿದ್ದರು.

ಐದನೆಯ ದಿನ, ಸೋಮವಾರ, ಬೆಳಗಿನ ಊಟ ಮುಗಿಸಿ ಆತ ಬೇಲಿ ದಾಟಿದ. ಐದು ತೆಕ್ಕೆ ಮೇವು ಕೊಯ್ದುಕೊಂಡು ಹೋಗಿ ಬಿಜಲಿಯ ಮುಂದೆ ಹಾಕಿದ. ಬಿಜಲಿ ನಾಲ್ಕು ತೆಕ್ಕೆ ತಿಂದು ಮುಖ ತಿರುಗಿಸಿತು. ಉಳಿದ ಒಂದು ತೆಕ್ಕೆಯನ್ನು ಆತ ಹೊತ್ತುಕೊಂಡು ವಾಪಸು ಬೇಲಿಯೊಳಗೆ ಇಡಲು ಬಂದ. ಆಗ ತೋಟದ ಕಾವಲುಗಾರನ ಕೈಗೆ ಸಿಕ್ಕಿಬಿದ್ದ. ನಾನು ಕಂಡ ಹಾಗೆ, ಕದ್ದದ್ದನ್ನು ತಿರುಗಿ ಇಡಲು ಹಾಡುಹಗಲು ಅದೇ ಬೇಲಿಗೆ ಬರುವ ಗಂಡಸು ಈ ಯಮನೂರಪ್ಪ ಒಬ್ಬನೇ.

ಗುರುವಾರ ಕಟ್ಟೆ ಕೂಡುವುದೆಂದು ಗೊತ್ತಾಯಿತು. ನಮ್ಮಲ್ಲಿ ಕಳವಿಗೆ ಜೈಲಿಲ್ಲ, ಹೊಡೆತವಿಲ್ಲ. ಹೆಸರನ್ನು ತೆಗೆದುಕೊಳ್ಳುತ್ತಾರೆ. ಏಳು ವರ್ಷ ಯಾರೂ ಆತನನ್ನು ಹೆಸರು ಹಿಡಿದಾಗಲಿ ನಂಟು ಹಿಡಿದಾಗಲಿ ಕರೆಯುವಂತಿಲ್ಲ. ಹೆಂಡತಿ, ಮಕ್ಕಳು, ಹೆತ್ತ ತಾಯಿ, ಎಲ್ಲರೂ ‘ಕಳ್ಳ’ ಎಂದೇ ಕರೆಯಬೇಕು. ತೀರ್ಪಿನವರೆಗೂ ಹೆಸರನ್ನು ಎತ್ತಿಡುತ್ತಾರೆ. ಆ ದಿನಗಳಲ್ಲಿ ‘ಆತ’, ‘ಅಂವ’ ಎಂದಷ್ಟೇ ಅನ್ನಬಹುದು. ಹಿಂದೆ ಒಬ್ಬ ಕಂಚುಗಾರ ಏಳು ವರ್ಷ ಮುಗಿಸಿ ಹೆಸರು ವಾಪಸು ಪಡೆದ. ಜನ ಹೆಸರು ಕೂಗಿದರೆ ತಿರುಗಿಯೇ ನೋಡುತ್ತಿರಲಿಲ್ಲ, ಕಳ್ಳ ಎಂದರೆ ಮಾತ್ರ ಓ ಅನ್ನುತ್ತಿದ್ದ. ನಾನು ಚಿಕ್ಕವಳಿದ್ದಾಗ ಆತನನ್ನು ನೋಡಿದ್ದೇನೆ.

ಸೋಮವಾರವೇ ಯಮನೂರಪ್ಪನ ಹೆಂಡತಿ ದ್ಯಾಮವ್ವ ನಮ್ಮ ಮನೆಗೆ ಬಂದಳು. ಕಂಕುಳಲ್ಲಿ ನಾಲ್ಕು ವರ್ಷದ ಮಗಳು ಹುಲಿಗೆವ್ವ. ದ್ಯಾಮವ್ವ ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಕೂರು ಎಂದರೂ ಕೂರದೆ ಬಾಗಿಲಲ್ಲೇ ನಿಂತಳು.

“ಅಕ್ಕಾರ, ಮುಂಜಾನಿಂದ ಇಕಿ ಅಪ್ಪಾ ಅಂತ ಬಾಯಿ ತೆಗದ್ರ ನಾ ಕೈ ಅಡ್ಡ ಹಿಡ್ಯಾಕತ್ತೀನಿ. ಹಂಗನ್ನಬ್ಯಾಡ ಅಂತ ಅಂದೆ, ಯಾಕ ಅಂತ ಕೇಳಿದ್ಳು. ಏನ್ ಹೇಳ್ಲಿ? ಗುರುವಾರ ಅಂವಗ ಕಳ್ಳ ಅಂತ ಆದ್ರ, ಇಕಿಗೆ ಹನ್ನೊಂದು ವರ್ಷ ತುಂಬೂತನಕ ಅಪ್ಪ ಇಲ್ಲ. ಮನ್ಯಾಗ ಕಣ್ಣ ಮುಂದ ಇರ್ತಾನ, ಆದ್ರ ಅಪ್ಪ ಇಲ್ಲ.”

ನಾನು ಏನೋ ಸಮಾಧಾನ ಹೇಳಿದೆ. ಹಸಿವಿನ ಸಾಲು ಇದೆಯಲ್ಲ, ಹೆದರಬೇಡ, ನಾನಿದ್ದೇನೆ ಎಂದೆ. ಆಕೆ ಹೋದ ಮೇಲೆ ಒಳಗೆ ಬಂದು ನೀರಿನ ಹಂಡೆಯ ಪಕ್ಕ ಕುಸಿದು ಕೂತೆ. ನಾನಿದ್ದೇನೆ ನಿಜ, ಆದರೆ ನನ್ನೊಳಗೆ ಮಾತು ಇದೆಯೇ? ಮೂರು ವರ್ಷ ಭಜಿ ತಿಂದ ಬಾಯಿ ಕಲ್ಲಿನ ಮೇಲೆ ನಿಂತು ಹಸಿವು ಎಂದರೆ ಬರುತ್ತದೆಯೇ? ಮನೆಯಲ್ಲಿ ಹೇಳಿ ನೋಡಿಕೊಳ್ಳೋಣವೆಂದರೆ ಮನೆಯಲ್ಲಿ ಎಲ್ಲ ಮಾತೂ ಬರುತ್ತವೆ, ಕಟ್ಟೆಯ ಮೇಲೆ ಮಾತ್ರ ಪರೀಕ್ಷೆ. ಬಾರದೆ ಹೋದರೆ ಯಮನೂರಪ್ಪನ ಹೆಸರು ಹೋಗುತ್ತದೆ, ಸಾಲೂ ಹೋಗುತ್ತದೆ. ನಾಳೆ ಯಾವ ತಾಯಿ ಕೂಸಿಗೆಂದು ಒಂದು ಲೋಟ ಹಾಲು ತೆಗೆದರೂ ಅವಳನ್ನು ಕಾಯುವ ಸಾಲು ಪುಸ್ತಕದಲ್ಲಿ ಇರುವುದಿಲ್ಲ. ಜನ ನನ್ನ ಮೊಮ್ಮಕ್ಕಳ ಕಾಲದವರೆಗೂ ಬೈಯುತ್ತಾರೆ.

ಅವತ್ತೇ ಮಧ್ಯಾಹ್ನದಿಂದ ನಿಜವಾದ ಉಪವಾಸ ಹಿಡಿದೆ. ಮೂರು ವರ್ಷದ ಬಾಕಿಯನ್ನು ಮೂರು ದಿನದಲ್ಲಿ ತೀರಿಸುವ ಆಸೆ. ಮೊದಲ ದಿನ ತಲೆನೋವು, ಅದು ಚಹಾದ ಮೇಲಿನ ಮೋಹವೇ ಹೊರತು ಹಸಿವಲ್ಲ. ಮಂಗಳವಾರ ಸಿಟ್ಟು. ನಮ್ಮ ಮನೆಯವರು ಊಟ ಬಲ್ಲವನಿಗೆ ರೋಗವಿಲ್ಲ ಎಂದು ಬಾಯಿ ತೆಗೆದರು, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಾನು ಮುಗಿಸಿದೆ, ಆಮೇಲೆ ಇಬ್ಬರೂ ಜಗಳವನ್ನೇ ಆಡಿದೆವು. ರೊಟ್ಟಿ ಬಡಿಯುವ ಹೆಂಗಸರನ್ನು ಸುಮ್ಮಸುಮ್ಮನೆ ಗದರಿಸಿದೆ. ಒಗ್ಗರಣೆಯ ವಾಸನೆ ಬಂದರೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಅಂಗಳಕ್ಕೆ ಓಡಿದೆ.

ಬುಧವಾರ ಎಲ್ಲ ಇಳಿಯಿತು. ಸಿಟ್ಟು ಮಾಡಲೂ ಕಸುವಿಲ್ಲ. ಬಡಿಸುವವಳೊಬ್ಬಳು ಜ್ವರವೆಂದು ಬಂದಿರಲಿಲ್ಲ, ನಾನೇ ರೊಟ್ಟಿಯ ಬುಟ್ಟಿ ಹಿಡಿದು ಪಂಕ್ತಿಗೆ ಹೋದೆ. ಆಗ ಒಂದು ಸಂಗತಿ ಕಂಡಿತು. ಮೂರು ವರ್ಷ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ನಾನು ನೋಡುತ್ತಿದ್ದದ್ದು ಬರಿ ತಲೆಗಳನ್ನು. ಈಗ ಕೈಗಳು ಕಂಡವು. ಮೊದಲ ತುತ್ತು ಮುರಿಯುವ ಬೆರಳು ನೋಡಿದರೆ ಸಾಕು, ಯಾರು ಹಸಿದು ಬಂದವರು, ಯಾರು ಹೊತ್ತಾಯಿತೆಂದು ಬಂದವರು ಎಂದು ತಿಳಿಯುತ್ತಿತ್ತು. ಮೂಲೆಯಲ್ಲಿ ಒಬ್ಬ ಮುದುಕ ಸಾಕು ಎಂದು ಕೈ ಅಡ್ಡ ಹಿಡಿದ, ನಾನು ಕೇಳದೆ ಇನ್ನೊಂದು ರೊಟ್ಟಿ ಹಾಕಿದೆ. ಆತ ತಲೆ ಎತ್ತದೆ ತಿಂದ. ಅವ್ವ ಅಮಾವಾಸ್ಯೆಗಳಲ್ಲಿ ಯಾಕೆ ಬಡಿಸುತ್ತಿದ್ದಳೆಂದು ಆಗ ತಿಳಿಯಿತು. ಹಟವಲ್ಲ, ಕಲಿಕೆ. ನಾನು ಬುಟ್ಟಿ ಕೆಳಗಿಟ್ಟು ಒಂದು ಗಳಿಗೆ ಗೋಡೆಗೆ ಒರಗಿದೆ, ಈ ಸಲ ನಾಟಕವಲ್ಲದೆ.

ಗುರುವಾರ ಬೆಳಿಗ್ಗೆ ಹೊರಡುವಾಗ ನಮ್ಮ ಮನೆಯವರು ಒಂದು ರೊಟ್ಟಿ ಮಡಚಿ ನನ್ನ ಸೆರಗಿನ ತುದಿಗೆ ತಾವೇ ಗಂಟು ಹಾಕಿದರು. ಕಟ್ಟೆ ಇಳಿದ ಕೂಡಲೇ ತಿನ್ನು, ದಾರಿಯಲ್ಲಿ ಬಿದ್ದುಗಿದ್ದೀಯ ಎಂದರು. ಮಂಗಳವಾರದ ಜಗಳವೆಲ್ಲ ಆ ಗಂಟಿನಲ್ಲಿ ಮುಗಿಯಿತು. ಅವರು ಖಾನಾವಳಿಯ ಬಾಗಿಲು ಹಾಕಿಕೊಂಡು ಹಿಂದೆ ಬರುತ್ತೇನೆಂದರು, ನಾನು ಮೆಲ್ಲಗೆ ಮುಂದೆ ನಡೆದೆ.

ಕಟ್ಟೆಗೆ ಹೋಗುವ ದಾರಿಯಲ್ಲೇ ಯಮನೂರಪ್ಪನ ಮನೆ. ಮನೆಯವರೆಲ್ಲ ಆಗಲೇ ಹೋಗಿದ್ದರು, ಬಿಜಲಿ ಒಂದೇ ಚಪ್ಪರದ ಕೆಳಗೆ ನಿಂತಿತ್ತು. ಸೋಮವಾರದ ನಾಲ್ಕು ತೆಕ್ಕೆ ಬಿಟ್ಟರೆ ಅದಕ್ಕೆ ಮತ್ತೇನೂ ಸಿಕ್ಕಿರಲಿಲ್ಲ, ದ್ಯಾಮವ್ವ ಕೊಟ್ಟ ತೌಡಿನ ನೀರು ಅಷ್ಟೇ. ಮೇವು ಹಾಕುವ ಗೋದಲಿಯ ಕಟ್ಟಿಗೆಯನ್ನು ಅದು ಹಲ್ಲಿನಿಂದ ಕೆರೆಯುತ್ತಿತ್ತು. ಕಟ್ಟಿಗೆಯ ಅಂಚು ಬೆಳ್ಳಗಾಗಿತ್ತು. ನಾನು ನಿಂತದ್ದನ್ನು ಕಂಡು ಕೆರೆಯುವುದನ್ನು ಬಿಟ್ಟು ನನ್ನ ಕೈ ನೋಡಿತು. ಮುಖ ನೋಡಲಿಲ್ಲ, ಕೈ ನೋಡಿತು. ನನಗೆ ಆಗ ಕಣ್ಣು ಕತ್ತಲೆ ಬರುವಷ್ಟು ಹಸಿವು. ಆ ರೊಟ್ಟಿಯ ಬಗ್ಗೆ ಮನೆಯಿಂದ ಅಲ್ಲಿಯವರೆಗೆ ಹೆಜ್ಜೆಗೊಮ್ಮೆ ನೆನೆಸಿಕೊಂಡಿದ್ದೆ. ಆದರೂ ಗಂಟು ಬಿಚ್ಚಿ ರೊಟ್ಟಿಯನ್ನು ಅದರ ಬಾಯಿಗೆ ಹಿಡಿದೆ. ಯೋಚಿಸಿ ಮಾಡಿದ್ದಲ್ಲ. ಕೈ ನನ್ನದೇ, ಆದರೆ ಕೈಗೆ ನಾನು ಹೇಳಿರಲಿಲ್ಲ. ಬಿಜಲಿ ತಿಂದು ನನ್ನ ಅಂಗೈ ನೆಕ್ಕಿತು. ಎಂಥ ಹುಚ್ಚಿ ನೀನು ಬಸಲಿಂಗಿ, ಈಗ ಏನು ತಿನ್ನುತ್ತೀಯ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತ ಕಟ್ಟೆಗೆ ಹೋದೆ.

ಊರೆಲ್ಲ ಅಲ್ಲಿತ್ತು. ಕಟ್ಟೆಯ ಹಿರಿಯರಾಗಿ ಕೂತಿದ್ದವರು ಅಡಿವೆಪ್ಪ ಮಾಸ್ತರರು. ಅರ್ಧ ಊರಿಗೆ ಅವರೇ ಅಕ್ಷರ ಕಲಿಸಿದವರು, ಅದರಲ್ಲಿ ನಾನೂ ಶಿವಯೋಗಪ್ಪ ಸಾಹುಕಾರರೂ ಯಮನೂರಪ್ಪನೂ ಸೇರಿದ್ದೇವೆ. ಅವರು ಮೊದಲು ಯಮನೂರಪ್ಪನನ್ನು ಕೇಳಿದರು, ಅವತ್ತು ಊಟ ಮಾಡಿದ್ದೆಯಾ ಎಂದು.

“ಮಾಡಿದ್ನಿರಿ. ಎರಡು ರೊಟ್ಟಿ, ಪುಂಡಿಪಲ್ಯಾ. ಹೊಟ್ಟಿ ತುಂಬಿತ್ರಿ.”

ನಾನು ಹಣೆ ಹಣೆ ಬಡಿದುಕೊಂಡೆ. ಒಂದು ರೊಟ್ಟಿ ಎಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಅರ್ಧ ಹೊಟ್ಟೆ ಎಂದಿದ್ದರೆ? ಸತ್ಯ ಹೇಳುವುದಕ್ಕೂ ಒಂದು ಹೊತ್ತು ಗೊತ್ತು ಬೇಡವೇ?

ಶಿವಯೋಗಪ್ಪ ಸಾಹುಕಾರರು ಎದ್ದು ನಿಂತರು. ಅವರು ಕೆಟ್ಟವರಲ್ಲ, ಬಿಗಿಯವರು. ಲೆಕ್ಕ ಸರಿಯಿದ್ದರೆ ತಮ್ಮದನ್ನೂ ಬಿಟ್ಟುಕೊಡುವವರು, ತಪ್ಪಿದರೆ ಹುಲ್ಲುಕಡ್ಡಿಯನ್ನೂ ಬಿಡದವರು. ಅವರು ಹೇಳಿದ್ದು ನನಗೆ ಈಗಲೂ ಸರಿಯಾದ ಮಾತೇ ಅನಿಸುತ್ತದೆ.

“ಹೊಟ್ಟಿ ತುಂಬಿದಾವ ಹಸಿವಿನ ಕಾಯಿದೆ ಕೆಳಗ ಹೆಂಗ ಕುಂಡ್ರತಾನ್ರಿ? ಇವತ್ತು ಇಂವ ಕುದರಿ ಹೊಟ್ಟಿ ತೋರಿಸ್ತಾನ. ನಾಳೆ ಇನ್ನೊಬ್ಬಾವ ಮಾವನ ಹೊಟ್ಟಿ, ಅದರ ಮರುದಿನ ಮತ್ತೊಬ್ಬಾವ ಅಳಿಯನ ಹೊಟ್ಟಿ. ಹಂಗಾದ್ರ ನಾ ಬೇಲಿ ಯಾಕ ಹಾಕ್ಲಿ? ಮತ್ತ ಇಂವ ಉಳದ ಮೇವು ತಿರುಗಿ ಇಡಾಕ ಬಂದಾನ. ತನ್ನದಲ್ಲ ಅಂತ ಗೊತ್ತಿತ್ತು ಅಂತಾತಲ್ಲ.”

ಜನ ತಲೆದೂಗಿದರು. ದ್ಯಾಮವ್ವ ಮಗಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ಮಾಸ್ತರರು ನನ್ನ ಕಡೆ ನೋಡಿ, ಹಸಿವಿನ ಮನೆಯವರು ಬರಬೇಕು ಎಂದರು.

ಕಲ್ಲು ಬಿಸಿಲಿಗೆ ಕಾದಿತ್ತು. ನಾನು ಎಲ್ಲ ಯೋಚಿಸಿಕೊಂಡೇ ಹೋಗಿದ್ದೆ. ದುಡಿಯುವ ಗಂಡಸಿಗೆ ಎರಡು ರೊಟ್ಟಿ ಯಾವ ಮೂಲೆಗೆ, ಹೊಟ್ಟೆ ತುಂಬಿತ್ತು ಎಂಬುದು ಆತನ ಭ್ರಮೆ, ನಿಜಕ್ಕೂ ಅವತ್ತು ಆತನಿಗೆ ಇದ್ದದ್ದು... ಅಲ್ಲಿಯವರೆಗೆ ಬಂದೆ. ಮುಂದಿನ ಮಾತು ಬರಲಿಲ್ಲ. ನಾಲಿಗೆ ಹೊರಳಿತು, ತುಟಿ ಅಲುಗಿತು, ಗಾಳಿ ಹೋಯಿತು. ಮಾಸ್ತರರು ಒಂದು ಎಂದರು.

ಶಿವಯೋಗಪ್ಪನವರು ಕೂತಲ್ಲಿಂದಲೇ, ಮಾತು ಹೆಂಗೆ ಬಂದೀತು, ಅಮಾವಾಸ್ಯೆ ದಿನ ಈಕೆ ಹಿಂಬಾಗಿಲಲ್ಲಿ ನಿಂತು ಭಜಿ ತಿನ್ನುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ ಎಂದರು. ಅವರ ತೋಟಕ್ಕೆ ಹೋಗುವ ಕಾಲುದಾರಿ ನಮ್ಮ ಹಿತ್ತಿಲ ಪಕ್ಕವೇ ಎಂಬುದು ನನಗೆ ಆ ಮೂರು ವರ್ಷ ಹೊಳೆದಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ. ನಮ್ಮ ಮನೆತನದ ಬಗ್ಗೆ ಹಾಗೆಲ್ಲ ಮಾತಾಡಬೇಡಿ ಎಂದು ದಬಾಯಿಸಿ, ಅವ್ವ ನನಗೆ ಬಾಯಿಪಾಠ ಮಾಡಿಸಿದ್ದ ಸಾಲನ್ನು ಗಟ್ಟಿ ದನಿಯಲ್ಲಿ ಒಪ್ಪಿಸಲು ಹೊರಟೆ. ಹೊಟ್ಟೆ ಬರಿದಾಗಿ, ಕಣ್ಣು ಒಳಸೇರಿ, ಕರುಳು ಕೂಗುವುದಕ್ಕೆ... ಮತ್ತೆ ಗಾಳಿ. ಎರಡು ಎಂದರು ಮಾಸ್ತರರು.

ಆಗ ನನಗಾದ ಹೆದರಿಕೆ ಹೇಳತೀರದು. ಯಮನೂರಪ್ಪ ನನ್ನ ಕಡೆ ನೋಡುತ್ತಿರಲಿಲ್ಲ, ಮಗಳ ಕಡೆ ನೋಡುತ್ತಿದ್ದ. ಇನ್ನು ಮುಂದೆ ಕೇಳಲು ಸಿಗದ ಮಾತನ್ನು ಕೊನೆಯ ಸಲ ಕೇಳಿಸಿಕೊಳ್ಳಲು ಕಾಯುವವನ ಮುಖ ಅದು. ಉಳಿದದ್ದು ಒಂದೇ ಅವಕಾಶ. ನನ್ನ ಅಂಗೈ ಮೂಸಿ ನೋಡಿಕೊಂಡೆ, ಯಾಕೋ ಗೊತ್ತಿಲ್ಲ. ಕುದುರೆಯ ಬಾಯಿಯ ವಾಸನೆ ಇನ್ನೂ ಇತ್ತು. ಬಚ್ಚಿಡುವುದನ್ನು ಬಿಟ್ಟುಬಿಡೋಣ, ಆದದ್ದಾಗಲಿ ಅನಿಸಿತು.

“ಮಾಸ್ತರ, ಮದಲ ಒಂದು ಒಪ್ಪಿಕೊಂಡು ಬಿಡ್ತೀನ್ರಿ. ಸಾವಕಾರರು ಹೇಳಿದ್ದು ಖರೇವ ಐತಿ. ಅವ್ವ ಸತ್ತಾಗಿಂದ ಒಂದು ಅಮಾಸಿನೂ ನಾ ನೆಟ್ಟಗ ಹಿಡದಿಲ್ಲ. ಭಜಿ ತಿಂದೀನಿ, ಚುರುಮುರಿ ತಿಂದೀನಿ, ಒಮ್ಮೆ ಹೋಳಿಗಿನೂ ತಿಂದೀನಿ.”

ಸಭೆ ಗೊಳ್ಳೆಂದು ನಕ್ಕಿತು. ನಮ್ಮ ಮನೆಯವರು ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ನನಗೆ ಮಾತ್ರ ಮೂರು ವರ್ಷದ ಹೊರೆ ಇಳಿಸಿದಷ್ಟು ಹಗುರವಾಯಿತು, ಆಮೇಲಿನ ಮಾತು ತಾನೇ ತಾನಾಗಿ ಬಂತು.

“ಈತನ ಹೊಟ್ಟಿ ಅವತ್ತು ತುಂಬಿತ್ತು. ಇಲ್ಲಾ ಅಂತ ಹೇಳಾಕ ಹೋದೆ, ಕಲ್ಲು ಬಿಡ್ಲಿಲ್ಲ. ಖಾಲಿ ಇದ್ದದ್ದು ಕುದರಿ ಹೊಟ್ಟಿ. ಕುದರಿಗೆ ಬೇಲಿ ದಾಟಿ ಕೊಯ್ಯಾಕ ಬರೂದಿಲ್ಲ, ಸಾವಕಾರರ ಬಾಗಲಿಗೆ ಹೋಗಿ ಕೇಳಾಕ ಬಾಯಿಲ್ಲ. ಅದು ಇವನ ಕೈ ನೋಡ್ತು. ಇವತ್ತು ನನ್ನ ಕೈನೂ ನೋಡ್ತು, ಮೂರು ದಿನ ಉಣ್ಣದಾಕಿ ನನ್ನ ರೊಟ್ಟಿ ಅದಕ್ಕ ಕೊಟ್ಟು ಬಂದೆ. ಹಸಿವು ಕುದರಿದು. ಕೈ ಇವಂದು.”

ಬಂದಿತ್ತು. ನಡುವೆ ಎಲ್ಲಿಯೋ ಮಾತು ಬಂದು ಹೋಗಿತ್ತು. ನನಗೆ ಗೊತ್ತಾದದ್ದು ಜನರ ಮುಖ ನೋಡಿದ ಮೇಲೆ. ಇನ್ನೊಮ್ಮೆ ಹೇಳಿ ನೋಡಿದೆ, ಹಸಿವು ಎಂದೆ, ಬಂತು. ಮತ್ತೊಮ್ಮೆ ಹಸಿವು ಎಂದೆ, ಬಂತು. ಕಣ್ಣಲ್ಲಿ ನೀರು ಬಂದು ಎದುರಿನವರೆಲ್ಲ ಕಲಸಿ ಹೋದರು. ಮಾಸ್ತರರು ಸಾಕು ಬಸಲಿಂಗವ್ವ, ಕೇಳಿಸಿತು ಎಂದರು.

ಆದರೆ ಸಾಹುಕಾರರು ಇನ್ನೂ ನಿಂತೇ ಇದ್ದರು. ಮಾತು ಬಂತು, ಒಪ್ಪಿದೆ, ಆದರೆ ನನ್ನ ಬೇಲಿಯ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದರು. ಯಾರ ಹೊಟ್ಟೆಯಾದರೂ ಆಗಬಹುದಾದರೆ ಇದು ನಿಲ್ಲುವುದು ಎಲ್ಲಿ? ಕಲ್ಲಿನಿಂದ ನಾನು ಇನ್ನೂ ಇಳಿದಿರಲಿಲ್ಲ, ಇಲ್ಲಿ ಸುಳ್ಳಿಗೆ ಜಾಗವಿಲ್ಲವೆಂದು ಎಲ್ಲರಿಗೂ ಗೊತ್ತು. ಪಂಕ್ತಿಯಲ್ಲಿ ಕಂಡ ಕೈಗಳನ್ನು ನೆನೆಸಿಕೊಂಡೆ.

“ಸಾವಕಾರ್ರ, ಆಸೆಗೆ ಸಾಕು ಅನ್ನೂದು ಗೊತ್ತಿಲ್ಲ. ಹಸಿವಿಗೆ ಗೊತ್ತೈತಿ. ಕುದರಿ ಸಾಕು ಅಂತ ಮುಖ ತಿರುಗಿಸಿದ ಕೂಡ್ಲೆ ಈತ ಉಳದ ಮೇವು ಹೊತ್ಕೊಂಡು ನಿಮ್ಮ ಬೇಲಿಗೆ ಬಂದಾನ. ನಾಳೆ ಯಾರರ ಮಾವನ ಹೊಟ್ಟಿ ಅಳಿಯನ ಹೊಟ್ಟಿ ಅಂತ ಬಂದ್ರ ಒಂದ ಮಾತು ಕೇಳ್ರಿ, ಉಳದದ್ದು ಎಲ್ಲಿ ಅಂತ. ಮುಚ್ಚಿ ಇಟ್ಟಿದ್ರ ಅದು ಕಳವು. ಅದಕ್ಕ ನಾನ ಬಂದು ಈ ಕಲ್ಲಿನ ಮ್ಯಾಲ ನಿಂತು ಹೇಳ್ತೀನಿ.”

ಸಾಹುಕಾರರು ತಮ್ಮ ಕಾವಲುಗಾರನನ್ನು ಕರೆದು, ಸಿಕ್ಕ ಮೇವು ಎಷ್ಟಿತ್ತು ಎಂದು ಕೇಳಿದರು. ಪೂರಾ ಒಂದು ತೆಕ್ಕೆ, ಒಂದು ಎಸಳೂ ಕಮ್ಮಿ ಇರಲಿಲ್ಲ, ಬಾಳೆನಾರಿನಿಂದ ಕಟ್ಟಿಕೊಂಡು ತಂದಿದ್ದ ಎಂದ ಆತ. ಸಾಹುಕಾರರು ಹಾಗಾದರೆ ಲೆಕ್ಕ ಸರಿಯಾಯಿತು ಎಂದು ಕೂತುಬಿಟ್ಟರು. ಅವರು ಕೂತ ಮೇಲೆ ನಾನು ಕಲ್ಲಿನಿಂದ ಇಳಿದೆ.

ಮಾಸ್ತರರು ಕನ್ನಡಕ ಹಾಕಿಕೊಂಡು ಪುಸ್ತಕ ತೆರೆದು ಆ ಸಾಲನ್ನು ಓದಿದರು. ಹಸಿವಿಗೆ ತೆಗೆದದ್ದು ಕಳವಲ್ಲ. ಯಾರ ಹಸಿವು ಎಂದು ಬರೆದವರು ಬರೆದಿಲ್ಲ, ಬೇಕಾಗಿದ್ದರೆ ಅವರಿಗೆ ಬರೆಯಲು ಜಾಗವಿತ್ತು, ಅವರು ಬಿಟ್ಟ ಜಾಗದಲ್ಲಿ ನಾವು ನಮ್ಮ ಜಿಪುಣತನ ತುಂಬುವುದು ಬೇಡ ಎಂದರು. ಪುಸ್ತಕ ಮುಚ್ಚಿ, ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ ಕರೆದರು.

“ಯಮನೂರಪ್ಪ.”

ಆತ ಕೂಡಲೇ ಓ ಎನ್ನಲಿಲ್ಲ. ನಾಲ್ಕೇ ದಿನವಾದರೂ ಅಷ್ಟರಲ್ಲಿ ಹೆಸರು ಆತನಿಗೆ ದೂರವಾಗಿತ್ತೋ ಏನೋ. ಮಾಸ್ತರರು ಇನ್ನೊಮ್ಮೆ ಕರೆದು, ಹಾಜರಿದ್ದೀಯೋ ಇಲ್ಲವೋ ಎಂದು ಗದರಿಸಿದರು. ಇದೀನ್ರಿ ಮಾಸ್ತರ ಎಂದ. ಹಾಗೆ ಹೇಳುವಾಗ ಆತ ಕೈ ಎತ್ತಿದ, ಎರಡನೆಯ ಇಯತ್ತೆಯ ಹುಡುಗರ ಹಾಗೆ. ಯಾರೂ ನಗಲಿಲ್ಲ.

ಆಮೇಲೆ ಜನ ಆ ಹೆಸರನ್ನು ಬೇಕಾದ್ದಕ್ಕೂ ಬೇಡದ್ದಕ್ಕೂ ಕರೆಯತೊಡಗಿದರು. ಯಮನೂರಪ್ಪ, ಬಿಸಿಲಾಗ ನಿಲ್ಲಬ್ಯಾಡ. ಯಮನೂರಪ್ಪ, ನನ್ನ ಚಪ್ಪಲಿ ಅಲ್ಲಿ ಐತೇನು ನೋಡು. ಯಮನೂರಪ್ಪ, ಸೇತುವಿ ಮ್ಯಾಲಿನ ನೀರು ಇಳದಾವಂತ, ನಾಳೆ ಗಾಡಿ ಬರ್ತಾವು. ಆತ ಎಲ್ಲದಕ್ಕೂ ಹ್ಞೂಂ ಹ್ಞೂಂ ಎನ್ನುತ್ತಿದ್ದ. ಶಿವಯೋಗಪ್ಪನವರು ಕೂಡ ಹೋಗುವಾಗ ಪಕ್ಕದಲ್ಲಿ ನಿಂತು, ಯಮನೂರಪ್ಪ, ಆ ಒಂದು ತೆಕ್ಕಿ ಬಾಡಾಕತ್ತೈತಿ, ಒಯ್ದು ಹಾಕು ಎಂದು ಮುಖ ಗಂಟಿಕ್ಕಿಕೊಂಡೇ ಹೇಳಿ ಹೋದರು.

ನಾನು ಕಟ್ಟೆಯ ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ನಮ್ಮ ಮನೆಯವರು ಬಂದು, ರೊಟ್ಟಿ ಕುದುರೆಗೆ ಹಾಕಿದೆಯಂತೆ ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಅಂಗಿಯ ಜೇಬಿನಿಂದ ಇನ್ನೊಂದು ರೊಟ್ಟಿ ತೆಗೆದರು. ನನ್ನನ್ನು ಬಲ್ಲ ಗಂಡಸು. ಮೊದಲ ತುತ್ತು ಮುರಿಯುವಾಗ ನನ್ನ ಬೆರಳು ನಡುಗುತ್ತಿತ್ತು. ಅಳು, ನಗು, ರೊಟ್ಟಿ ಎಲ್ಲ ಒಟ್ಟಿಗೆ ಬಂದವು. ಮುಂದಿನ ಅಮಾವಾಸ್ಯೆಯಿಂದ ಹಿಂಬಾಗಿಲಿಗೆ ಬೀಗ ಹಾಕುತ್ತೇನೆಂದು ಅವರು ಹೇಳಿದರು, ಹಾಕಿರಿ ಎಂದೆ.

ಎದುರಿಗೆ ದ್ಯಾಮವ್ವ ಮಗಳನ್ನು ಕೆಳಗಿಳಿಸಿದಳು. ಹುಲಿಗೆವ್ವ ಅಪ್ಪನ ಹತ್ತಿರದವರೆಗೆ ಓಡಿ, ಎರಡು ಹೆಜ್ಜೆ ದೂರದಲ್ಲಿ ನಿಂತು ಬಾಯಿ ತೆಗೆದು, ತಿರುಗಿ ಅವ್ವನನ್ನು ನೋಡಿತು. ಅಡ್ಡ ಬರುವ ಕೈ ಎಲ್ಲಿದೆ ಎಂದು ಹುಡುಕುವ ನೋಟ. ದ್ಯಾಮವ್ವ ಹ್ಞೂಂ ಎಂದು ಗೋಣು ಹಾಕಿದಳು.

“ಅಪ್ಪಾ.”

“ಏನವ್ವಾ?”

ಮಗು ಯೋಚಿಸಿತು. ಹೇಳಬೇಕಾದದ್ದೇನೂ ಅದರ ಹತ್ತಿರ ಇರಲಿಲ್ಲ.

“ಏನಿಲ್ಲ. ಸುಮ್ನ ಕರದೆ.”

ಯಮನೂರಪ್ಪ ಅಲ್ಲೇ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಇನ್ನೊಮ್ಮೆ ಕರಿ ಎಂದ.